ಉದ್ಘಾಟನೆಯ ಮರುದಿನದ ಲೆಕ್ಕ

ಕಿರಿಯಳು: ಮುಂದಿನ ತಿಂಗಳು ಮಲಾವಿಗೆ ಹೊರಡುತ್ತಿದ್ದೇನೆ. ನೈರ್ಮಲ್ಯ ಮತ್ತು ಶುಚಿತ್ವದ ಕೆಲಸ ಮಾಡುವ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಲಿಲಾಂಗ್ವೆ ಕಚೇರಿ; ಹಣಕಾಸಿನ ಹೊಣೆ ನನ್ನದು. ಬೆಂಗಳೂರಿನಲ್ಲಿ ಕಂಪನಿಗಳ ಆಡಿಟ್ ಮಾಡಿದ್ದೇನೆ, ಕೆಲವು ಸ್ವಯಂಸೇವಾ ಸಂಸ್ಥೆಗಳದ್ದೂ ಮಾಡಿದ್ದೇನೆ. ಡೆಬಿಟ್ಟು ಕ್ರೆಡಿಟ್ಟು ಎಲ್ಲಿ ಹೋದರೂ ಒಂದೇ ಎಂಬ ಧೈರ್ಯದ ಮೇಲೆ ಒಪ್ಪಿಕೊಂಡೆ. ನೀವು ಲಂಡನ್ನಿನಲ್ಲೂ ಆಫ್ರಿಕಾದಲ್ಲೂ ಇದೇ ಕೆಲಸ ಮಾಡಿ ಬಂದವರು. ಏನು ಬೇರೆ, ಹೇಳಿ.

ಹಿರಿಯರು: ಡೆಬಿಟ್ಟು ಕ್ರೆಡಿಟ್ಟು ಒಂದೇ. ಕಂಪನಿಯಲ್ಲಿ ಗಿರಾಕಿ ದುಡ್ಡು ಕೊಟ್ಟು ಸಾಮಾನು ಒಯ್ಯುತ್ತಾನೆ. ಸಾಮಾನು ಕೆಟ್ಟಿದ್ದರೆ ಮರುದಿನ ಅವನೇ ಬಂದು ಜಗಳ ತೆಗೆಯುತ್ತಾನೆ. ಇಲ್ಲಿ ದುಡ್ಡು ಕೊಡುವವರು ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಇರುತ್ತಾರೆ, ಪಾಯಿಖಾನೆ ಬಳಸುವವರು ಮಲಾವಿಯ ಯಾವುದೋ ಹಳ್ಳಿಯಲ್ಲಿ. ಬಳಸುವವರಿಗೆ ಆದ ತೊಂದರೆ ಕೊಟ್ಟವರ ಕಿವಿಗೆ ತಾನಾಗಿ ಬೀಳುವುದಿಲ್ಲ. ಇಬ್ಬರ ನಡುವೆ ಇರುವುದು ನಿನ್ನ ಲೆಕ್ಕದ ಪುಸ್ತಕ. ಅದು ಹೇಳಿದಷ್ಟೇ ಕೊಟ್ಟವರಿಗೆ ಗೊತ್ತಾಗುತ್ತದೆ. ಆದ್ದರಿಂದ ಅಲ್ಲಿ ನೀನು ಬರೆಯುವ ಒಂದೊಂದು ಸಾಲಿಗೂ ಕಂಪನಿಯ ಪುಸ್ತಕದಲ್ಲಿ ಇಲ್ಲದ ಭಾರ ಇರುತ್ತದೆ.

ಕಿರಿಯಳು: ಅಂದರೆ ಕಳ್ಳತನ ಆಗದಂತೆ ಕಾಯಬೇಕು.

ಹಿರಿಯರು: ಕಾಯಬೇಕು, ಅದಕ್ಕೆ ಬರೋಣ. ಆದರೆ ಯಾರೂ ಕದಿಯದೆಯೂ ಹಣ ಹಾಳಾಗುತ್ತದೆ. ಪ್ರತಿ ರಸೀದಿಯೂ ಸರಿಯಾಗಿರುತ್ತದೆ, ಆಡಿಟರು ಒಂದು ಆಕ್ಷೇಪವನ್ನೂ ಎತ್ತಿರುವುದಿಲ್ಲ. ಐದು ವರ್ಷ ಬಿಟ್ಟು ಹೋಗಿ ನೋಡಿದರೆ ಗುಂಡಿ ತುಂಬಿ, ಬಾಗಿಲಿಗೆ ತಂತಿ ಬಿಗಿದ ಪಾಯಿಖಾನೆಗಳು ಸಾಲಾಗಿ ನಿಂತಿರುತ್ತವೆ. ಪಕ್ಕದ ಪೊದೆಗೆ ಕಾಲುದಾರಿ ಸವೆದಿರುತ್ತದೆ. ಆ ಹಣ ಯಾರ ಜೇಬಿಗೂ ಹೋಗಲಿಲ್ಲ, ಆದರೂ ಹೋಯಿತು. ಬಜೆಟ್ ಬರೆದ ದಿನವೇ ಹೋಯಿತು. ಕಟ್ಟುವುದಕ್ಕೆ ಬರೆದು, ನಡೆಸುವುದಕ್ಕೆ ಬರೆಯದೆ ಬಿಟ್ಟರಲ್ಲ, ಆಗ.

ಕಿರಿಯಳು: ಬಜೆಟ್ ಬರೆಯುವವರು ಕಾರ್ಯಕ್ರಮದವರಲ್ಲವೇ? ಹಣಕಾಸಿನವರು ಕೂಡಿ ಕಳೆದು, ದಾನಿಗಳ ನಮೂನೆಗೆ ಹೊಂದಿಸಿ ಕೊಡುತ್ತಾರೆ. ನಾನು ನೋಡಿದ ಸಂಸ್ಥೆಗಳಲ್ಲೆಲ್ಲ ಹಾಗೇ ಇತ್ತು.

ಹಿರಿಯರು: ಬಹಳ ಕಡೆ ಹಾಗೇ ಇದೆ. ಆ ಪದ್ಧತಿಯನ್ನು ನೀನು ಹೋದ ಮೊದಲ ತಿಂಗಳೇ ಬಿಡಿಸಬೇಕು. ನೆದರ್ಲೆಂಡ್ಸ್‌ನ ಐಆರ್‌ಸಿ ಸಂಸ್ಥೆ 2008ರಲ್ಲಿ ವಾಷ್‌ಕಾಸ್ಟ್ ಎಂಬ ಅಧ್ಯಯನ ಶುರುಮಾಡಿ, ನೀರು ಮತ್ತು ನೈರ್ಮಲ್ಯದ ನಿಜವಾದ ಖರ್ಚು ಎಷ್ಟು ಎಂದು ವರ್ಷಗಟ್ಟಲೆ ಹುಡುಕಿತು. ಬುರ್ಕಿನಾ ಫಾಸೊ, ಘಾನಾ, ಮೊಜಾಂಬಿಕ್, ಜೊತೆಗೆ ನಮ್ಮ ನೆರೆಯ ಆಂಧ್ರಪ್ರದೇಶ. ಅವರು ಖರ್ಚನ್ನು ಆರು ಬಗೆಯಾಗಿ ವಿಂಗಡಿಸಿದರು. ಕಟ್ಟುವ ಬಂಡವಾಳ ಒಂದು. ದಿನನಿತ್ಯ ನಡೆಸುವ ಖರ್ಚು ಎರಡು. ಕೆಲವು ವರ್ಷಗಳಿಗೊಮ್ಮೆ ಬರುವ ದೊಡ್ಡ ದುರಸ್ತಿ, ಗುಂಡಿ ಬರಿದು ಮಾಡುವುದು, ಹಳೆಯದನ್ನು ಬದಲಿಸುವುದು ಮೂರು. ಸಾಲ ಮಾಡಿದ್ದರೆ ಅದರ ಬಡ್ಡಿ ನಾಲ್ಕು. ಜನರ ಬೆನ್ನಿಗೆ ನಿಲ್ಲುವ ಸ್ಥಳೀಯ ಸಿಬ್ಬಂದಿಯ ಖರ್ಚು ಐದು. ಮೇಲಿನ ಹಂತದ ಯೋಜನೆ, ನೀತಿ, ತರಬೇತಿಯ ಖರ್ಚು ಆರು. ಈಗ ಯಾವುದಾದರೂ ದಾನಿಗೆ ಕಳಿಸಿದ ಬಜೆಟ್ ತೆಗೆದು ನೋಡು. ಮೊದಲನೆಯದು ಪುಟ ತುಂಬ ಇರುತ್ತದೆ: ಸಿಮೆಂಟು, ಇಟ್ಟಿಗೆ, ತಗಡು, ಸಾಗಣೆ. ಮೂರನೆಯದು ಮತ್ತು ಐದನೆಯದು ಇರುವುದೇ ಇಲ್ಲ, ಯಾಕೆಂದರೆ ಅವು ಯೋಜನೆಯ ಅವಧಿ ಮುಗಿದ ಮೇಲೆ ಬರುವ ಖರ್ಚು. ಅವಧಿ ಮೂರು ವರ್ಷ, ಗುಂಡಿ ತುಂಬುವುದು ಐದನೆಯ ವರ್ಷ.

ಕಿರಿಯಳು: ದೇವನಹಳ್ಳಿಯಲ್ಲಿ ಇದರ ಇನ್ನೊಂದು ಮುಖ ನೋಡಿದ್ದೇನೆ. ಅಲ್ಲಿ ಒಳಚರಂಡಿಯ ಬದಲು ಮನೆಮನೆಗೂ ಗುಂಡಿ. 2015ರಲ್ಲಿ ಬೆಂಗಳೂರಿನ ಸಿಡಿಡಿ ಸೊಸೈಟಿ, ಗೇಟ್ಸ್ ಫೌಂಡೇಶನ್ನಿನ ನೆರವಿನಿಂದ, ಮಲದ ಕೆಸರು ಸಂಸ್ಕರಿಸುವ ಘಟಕ ಕಟ್ಟಿತು. ಒಂದು ಇಡೀ ಪಟ್ಟಣಕ್ಕೆಂದು ಕಟ್ಟಿದ ಅಂಥ ಘಟಕ ದೇಶದಲ್ಲಿ ಅದೇ ಮೊದಲು. ಹನಿಸಕ್ಕರ್ ಲಾರಿ ಗುಂಡಿಯಿಂದ ಹೀರಿ ತಂದು ಅಲ್ಲಿ ಸುರಿಯುತ್ತದೆ. ಕೆಸರು ಕೊಳೆತು, ಹಾಸಿನ ಮೇಲೆ ಒಣಗಿ, ಹಸಿ ಕಸದ ಜೊತೆ ಗೊಬ್ಬರವಾಗಿ ರೈತರ ಹೊಲ ಸೇರುತ್ತದೆ. ಕಟ್ಟುವುದಕ್ಕೆ ವಿದೇಶಿ ದಾನಿ ಸಿಕ್ಕರು. ಲಾರಿಯ ಚಾಲಕನ ಸಂಬಳ, ಡೀಸೆಲ್ಲು, ಘಟಕ ನೋಡಿಕೊಳ್ಳುವವನ ಕೂಲಿ ವರ್ಷ ವರ್ಷವೂ ಬೇಕಲ್ಲ. ಅದನ್ನು ಪುರಸಭೆಯ ಲೆಕ್ಕದಲ್ಲೇ ಹುಡುಕಬೇಕು.

ಹಿರಿಯರು: ಅಲ್ಲಿ ಪುರಸಭೆ ಎಂಬ ಒಂದು ಸರ್ಕಾರಿ ಹೆಗಲು ಇತ್ತು, ಅದನ್ನು ಗಮನಿಸು. ಒಳ್ಳೆಯ ಬಜೆಟ್ಟು ಆ ಹೆಗಲು ಯಾವುದು ಎಂದು ಕಟ್ಟುವುದಕ್ಕೆ ಮೊದಲೇ ಗುರುತಿಸುತ್ತದೆ. ಮಲಾವಿಯಲ್ಲಿ ಅದು ಜಿಲ್ಲಾ ಕೌನ್ಸಿಲ್. ಅವರ ವಾರ್ಷಿಕ ಬಜೆಟ್ಟಿನಲ್ಲಿ ನೈರ್ಮಲ್ಯಕ್ಕೆ ಒಂದು ಸಾಲು ಇದೆಯೋ ಇಲ್ಲವೋ, ಇದ್ದರೆ ಅದರಲ್ಲಿ ಬಿಡುಗಡೆಯಾದದ್ದು ಎಷ್ಟು, ಇದು ನಿನ್ನ ಸಂಸ್ಥೆಯ ಹಣಕಾಸಿನ ಪ್ರಶ್ನೆಯೇ.

ಕಿರಿಯಳು: ಆದರೆ ಕಟ್ಟಡಕ್ಕೆ ದುಡ್ಡೇ ಕೊಡದ ಕಾರ್ಯಕ್ರಮಗಳೂ ಇವೆಯಲ್ಲ? ಜನರೇ ತಮ್ಮ ಖರ್ಚಿನಲ್ಲಿ ಗುಂಡಿ ತೋಡಿಕೊಳ್ಳುವುದು.

ಹಿರಿಯರು: ಇವೆ, ಮಲಾವಿಯ ಹಳ್ಳಿಗಳಲ್ಲಿ ನೀನು ನೋಡುವುದು ಹೆಚ್ಚಾಗಿ ಅದನ್ನೇ. 2000ದ ಹೊತ್ತಿಗೆ ಬಾಂಗ್ಲಾದೇಶದ ರಾಜಶಾಹಿ ಜಿಲ್ಲೆಯ ಮೊಸ್ಮೊಯಿಲ್ ಎಂಬ ಹಳ್ಳಿಯಲ್ಲಿ ಕಮಲ್ ಕರ್ ಅವರು ಆರಂಭಿಸಿದ ಕ್ರಮ ಅದು. ವಾಟರ್‌ಏಡ್ ಮತ್ತು ಅಲ್ಲಿನ ಒಂದು ಸಂಸ್ಥೆ ಸಬ್ಸಿಡಿ ಕೊಟ್ಟು ನಡೆಸುತ್ತಿದ್ದ ಕೆಲಸವನ್ನು ಮೌಲ್ಯಮಾಪನ ಮಾಡಲು ಹೋದವರು, ಸಬ್ಸಿಡಿಯನ್ನೇ ಬಿಟ್ಟು ನೋಡೋಣ ಎಂದರು. ಊರವರೇ ಊರು ಸುತ್ತಿ, ಬಯಲಿಗೆ ಹೋಗುವ ಜಾಗಗಳನ್ನು ನೆಲದ ಮೇಲೆ ನಕ್ಷೆ ಬರೆದು, ಹೇಲು ನೊಣದ ಕಾಲಿನಲ್ಲಿ ತಮ್ಮ ತಟ್ಟೆಗೇ ಬರುತ್ತಿದೆ ಎಂದು ಕಂಡುಕೊಂಡು, ತಾವೇ ಕಟ್ಟಿಕೊಳ್ಳುವುದು. ಜಿನೀವಾದಿಂದ ನಡೆಯುತ್ತಿದ್ದ ನೀರು ಮತ್ತು ನೈರ್ಮಲ್ಯದ ಮಂಡಳಿ ಡಬ್ಲ್ಯುಎಸ್‌ಎಸ್‌ಸಿಸಿ 2008ರಲ್ಲಿ ಗ್ಲೋಬಲ್ ಸ್ಯಾನಿಟೇಶನ್ ಫಂಡ್ ತೆರೆದು ಈ ಬಗೆಯ ಕೆಲಸಕ್ಕೆ ಹಣ ಕೊಟ್ಟಿತು. ಮಲಾವಿಯಲ್ಲೂ ಕೊಟ್ಟಿತು.

ಕಿರಿಯಳು: ಹಾಗಾದರೆ ಖರ್ಚು ಕಡಿಮೆ.

ಹಿರಿಯರು: ಖರ್ಚಿನ ರೂಪ ಬೇರೆ. ಸಿಮೆಂಟಿನ ಬದಲು ಮನುಷ್ಯರು. ಊರೂರಿಗೆ ಹೋಗುವ ಕಾರ್ಯಕರ್ತರ ಸಂಬಳ, ಮೋಟರ್‌ಸೈಕಲ್ಲಿನ ಪೆಟ್ರೋಲು, ಆರು ತಿಂಗಳ ಮೇಲೆ ಮತ್ತೆ ಅದೇ ಊರಿಗೆ ಹೋಗುವ ದಾರಿಖರ್ಚು, ಮುಖಂಡರ ಸಭೆ. ಬಜೆಟ್ಟಿನಲ್ಲಿ ಇವೆಲ್ಲ ಸಂಬಳ, ಪ್ರಯಾಣ ಎಂಬ ತಲೆಬರಹದಡಿ ಕೂರುತ್ತವೆ. ದುಡ್ಡು ಕಡಿತವಾದಾಗ ಕತ್ತರಿ ಮೊದಲು ಬೀಳುವುದು ಅಲ್ಲಿಗೇ. ಮರಳಿ ಹೋಗುವ ಭೇಟಿಯನ್ನು ಕತ್ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಇದೆ. ಪ್ಲ್ಯಾನ್ ಇಂಟರ್‌ನ್ಯಾಶನಲ್ ಇಥಿಯೋಪಿಯಾ, ಕೀನ್ಯಾ, ಸಿಯೆರಾ ಲಿಯೋನ್, ಉಗಾಂಡಗಳಲ್ಲಿ, ಬಯಲು ಶೌಚ ಮುಕ್ತ ಎಂದು ಘೋಷಣೆಯಾಗಿದ್ದ ಊರುಗಳಿಗೆ ಮತ್ತೆ ಹೋಗಿ ನೋಡಿತು. ವರದಿ 2013ರದು. ನೂರಕ್ಕೆ 87 ಮನೆಗಳಲ್ಲಿ ಬಳಸುವಂಥ ಪಾಯಿಖಾನೆ ಉಳಿದಿತ್ತು, ಅದು ಸಮಾಧಾನದ ಸಂಗತಿ. ಆದರೆ ಕೈ ತೊಳೆಯಲು ನೀರು ಸೋಪು ಇದೆಯೇ, ಗುಂಡಿಗೆ ಮುಚ್ಚಳ ಇದೆಯೇ ಎಂಬ ಎಲ್ಲ ಅಳತೆಗಳನ್ನೂ ಹಿಡಿದು ನೋಡಿದಾಗ ನೂರಕ್ಕೆ 92 ಮನೆಗಳು ಹಿಂದಕ್ಕೆ ಜಾರಿದ್ದವು.

ಕಿರಿಯಳು: ಅಂದರೆ ಪಾಯಿಖಾನೆ ಉಳಿಯಿತು, ಕೈ ತೊಳೆಯುವುದು ಉಳಿಯಲಿಲ್ಲ.

ಹಿರಿಯರು: ಹೌದು. ಶುಚಿತ್ವ ಒಂದು ಅಭ್ಯಾಸ. ಅಭ್ಯಾಸಕ್ಕೆ ಒಂದೇ ಸಲ ಖರ್ಚು ಮಾಡಿ ಮುಗಿಸಲಾಗುವುದಿಲ್ಲ, ಮತ್ತೆ ಮತ್ತೆ ಹೋಗಬೇಕು. ಅದು ದುಬಾರಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2021ರಲ್ಲಿ ಲೆಕ್ಕ ಹಾಕಿದವು: ಅತಿ ಹಿಂದುಳಿದ 46 ದೇಶಗಳಲ್ಲಿ 2030ರೊಳಗೆ ಎಲ್ಲ ಮನೆಗಳಿಗೂ ಕೈ ತೊಳೆಯುವ ವ್ಯವಸ್ಥೆ ಮುಟ್ಟಿಸಲು 1,100 ಕೋಟಿ ಡಾಲರು ಬೇಕು. ತಲೆಗೆ ವರ್ಷಕ್ಕೆ ಒಂದು ಡಾಲರಿಗಿಂತ ಕಡಿಮೆ. ಅದರಲ್ಲಿ ಜನರನ್ನು ಒಪ್ಪಿಸಿ ಅಭ್ಯಾಸ ಮಾಡಿಸಲು ಸರ್ಕಾರಗಳು ಹಾಕಬೇಕಾದದ್ದು ತಲೆಗೆ ಕಾಲು ಡಾಲರು. ಇಷ್ಟು ಸಣ್ಣ ಮೊತ್ತ ಸಿಗದೆ ಹೋಗುವುದು ಅದಕ್ಕೆ ಫೋಟೊ ಇಲ್ಲದ್ದರಿಂದ. ಕಟ್ಟಡದ ಮುಂದೆ ಫಲಕ ನಿಲ್ಲಿಸಬಹುದು, ತೊಳೆದ ಕೈಯ ಮುಂದೆ ನಿಲ್ಲಿಸಲಾಗುವುದಿಲ್ಲ.

ಕಿರಿಯಳು: ದಾನಿಗಳನ್ನು ದೂರುವುದು ಸುಲಭ. ಅವರ ಕಡೆಯಿಂದ ನೋಡಿ. ಬ್ರಿಟನ್ನಿನ ಒಬ್ಬ ನಿವೃತ್ತ ಶಿಕ್ಷಕಿ ತಿಂಗಳಿಗೆ ಕೆಲವು ಪೌಂಡು ಕೊಡುತ್ತಾಳೆ. ಅದು ಹಳ್ಳಿಗೆ ಹೋಗಲಿ, ಕಚೇರಿಯ ಬಾಡಿಗೆಗೆ ಹೋಗದಿರಲಿ ಎಂದು ಆಕೆ ಬಯಸುವುದು ತಪ್ಪೇ? ಆಡಳಿತ ವೆಚ್ಚಕ್ಕೆ ಮಿತಿ ಇರಲೇಬೇಕು.

ಹಿರಿಯರು: ತಪ್ಪಲ್ಲ. ಇನ್ನೊಂದು ಮಾತು, ಆಕೆಯ ಆ ಕೆಲವು ಪೌಂಡು ಸಂಸ್ಥೆಯ ಅತ್ಯಂತ ಬೆಲೆಬಾಳುವ ಹಣ. ವಾಟರ್‌ಏಡ್ 1981ರಲ್ಲಿ ಹುಟ್ಟಿದ್ದು ಬ್ರಿಟನ್ನಿನ ನೀರು ಸರಬರಾಜು ಉದ್ಯಮದೊಳಗಿನಿಂದ. ನೀರಿನ ಬಿಲ್ಲಿನ ಜೊತೆ ಕರಪತ್ರ ಕಳಿಸಿ ಸಾಮಾನ್ಯ ಗ್ರಾಹಕರಿಂದ ಹಣ ಎತ್ತಿತು. ಅಂಥ ಹಣ ಮುಕ್ತ ನಿಧಿ, ಎಲ್ಲಿ ಅಗತ್ಯವೋ ಅಲ್ಲಿ ಹಾಕಬಹುದು. ಸರ್ಕಾರಗಳು, ದೊಡ್ಡ ಪ್ರತಿಷ್ಠಾನಗಳು ಕೊಡುವುದು ನಿರ್ಬಂಧಿತ ನಿಧಿ. ಇಂಥ ಜಿಲ್ಲೆ, ಇಂಥ ಕೆಲಸ, ಇಂಥ ತಾರೀಖಿನೊಳಗೆ. ಒಂದರ ಹಣ ಇನ್ನೊಂದಕ್ಕೆ ಹಾಕುವಂತಿಲ್ಲ. ತೇರಿಗೆಂದು ಊರೆಲ್ಲ ಎತ್ತಿದ ಚಂದಾದಲ್ಲಿ ಶಾಲೆಯ ಸೂರು ರಿಪೇರಿ ಮಾಡಿಸಿದರೆ, ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಮುಂದಿನ ವರ್ಷ ಯಾರೂ ಚಂದಾ ಕೊಡುವುದಿಲ್ಲ.

ಕಿರಿಯಳು: ಆಡಿಟಿನಲ್ಲಿ ನಾನು ಅತಿ ಹೆಚ್ಚು ಬರೆದಿರುವ ಆಕ್ಷೇಪ ಅದೇ. ಬ್ಯಾಂಕಿನಲ್ಲಿ ದುಡ್ಡು ಇದೆ ಎಂದು ಒಂದು ಯೋಜನೆಯ ಹಣದಿಂದ ಇನ್ನೊಂದರ ಸಂಬಳ ಕೊಟ್ಟುಬಿಡುವುದು, ಆಮೇಲೆ ತುಂಬಿಕೊಡುತ್ತೇವೆ ಎನ್ನುವುದು.

ಹಿರಿಯರು: ಕೆಟ್ಟ ಬುದ್ಧಿಯಿಂದ ಅಲ್ಲ, ಉಸಿರು ಕಟ್ಟಿದಾಗ ಹಾಗೆ ಮಾಡುತ್ತಾರೆ. ಈಗ ಆಡಳಿತ ವೆಚ್ಚಕ್ಕೆ ಬಾ. ಐರೋಪ್ಯ ಒಕ್ಕೂಟದ ಅನುದಾನದಲ್ಲಿ ಪರೋಕ್ಷ ವೆಚ್ಚಕ್ಕೆ ಮಿತಿ ಶೇ 7. ಅಮೆರಿಕ ಸರ್ಕಾರದ ಅನುದಾನದಲ್ಲಿ, ತನ್ನದೇ ದರ ಮಾತಾಡಿಕೊಳ್ಳದ ಸಂಸ್ಥೆಗೆ ಸಿಗುತ್ತಿದ್ದದ್ದು ಶೇ 10. 2024ರ ಅಕ್ಟೋಬರಿನಿಂದ ಅದು ಶೇ 15 ಆಯಿತು. ಆದರೆ ಲೆಕ್ಕ ಬರೆಯುವವರು, ಬ್ಯಾಂಕ್ ಶುಲ್ಕ, ಆಡಿಟು, ಸಿಬ್ಬಂದಿಯ ಸುರಕ್ಷತೆ, ಮಕ್ಕಳ ರಕ್ಷಣೆಯ ತರಬೇತಿ, ಕಂಪ್ಯೂಟರು, ಕಚೇರಿ ಎಲ್ಲ ಸೇರಿದರೆ ನಿಜವಾದ ವೆಚ್ಚ ಅದನ್ನು ಮೀರುವುದು ಸಾಮಾನ್ಯ. ಮಿಕ್ಕದ್ದನ್ನು ಎಲ್ಲಿಂದ ತರುವುದು? ಆ ಶಿಕ್ಷಕಿಯ ಮುಕ್ತ ನಿಧಿಯಿಂದ. ಹಳ್ಳಿಗೆ ಹೋಗಲಿ ಎಂದು ಆಕೆ ಕೊಟ್ಟದ್ದು ಸರ್ಕಾರಿ ದಾನಿಯ ಯೋಜನೆಯ ಕಚೇರಿ ಖರ್ಚಿಗೆ ಹೋಗುತ್ತದೆ. ಮಿತಿ ಹಾಕಿದ್ದರಿಂದ ಆಕೆಗೆ ಲಾಭ ಆಗಲಿಲ್ಲ.

ಕಿರಿಯಳು: ನಮ್ಮಲ್ಲಿ ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ವಿದೇಶಿ ದೇಣಿಗೆ ದೆಹಲಿಯ ಒಂದೇ ಎಸ್‌ಬಿಐ ಶಾಖೆಗೆ ಬರಬೇಕು. ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಮೇಲೆ ಪ್ರತಿ ಆಡಿಟಿನಲ್ಲೂ ಒಂದೇ ವಾದ: ಊರೂರು ತಿರುಗಿ ಹೆಂಗಸರ ಜೊತೆ ಮುಟ್ಟಿನ ಶುಚಿತ್ವದ ಬಗ್ಗೆ ಮಾತಾಡುವ ಕಾರ್ಯಕರ್ತೆಯ ಸಂಬಳ ಆಡಳಿತವೋ ಕಾರ್ಯಕ್ರಮವೋ?

ಹಿರಿಯರು: ನೀನು ಏನು ಹೇಳುತ್ತಿದ್ದೆ?

ಕಿರಿಯಳು: ಆಕೆಯ ದಿನಚರಿ ತೋರಿಸಿ ಎನ್ನುತ್ತಿದ್ದೆ. ಯಾವ ದಿನ ಯಾವ ಊರು, ಎಷ್ಟು ಗಂಟೆ, ಯಾವ ಯೋಜನೆ. ಟೈಮ್‌ಶೀಟು ಸರಿಯಿದ್ದರೆ ಸಂಬಳ ತಾನಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಇಲ್ಲದಿದ್ದರೆ ಎಷ್ಟು ವಾದಿಸಿದರೂ ಪ್ರಯೋಜನವಿಲ್ಲ.

ಹಿರಿಯರು: ಸರಿಯಾದ ಉತ್ತರ. ಅದನ್ನೇ ಮಲಾವಿಗೂ ಒಯ್ಯಿ. 2009ರಲ್ಲಿ ಆನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೊವಾರ್ಡ್ ಎಂಬವರು ಅಮೆರಿಕದಲ್ಲಿ ಒಂದು ಲೇಖನ ಬರೆದು ಆಡಳಿತ ವೆಚ್ಚವನ್ನು ಕಡಿಮೆ ತೋರಿಸುವ ರೋಗಕ್ಕೆ ಹಸಿವಿನ ಚಕ್ರ ಎಂಬ ಅರ್ಥದ ಹೆಸರಿಟ್ಟರು. ದಾನಿ ಕಡಿಮೆ ವೆಚ್ಚ ನಿರೀಕ್ಷಿಸುತ್ತಾನೆ, ಸಂಸ್ಥೆ ಕಡಿಮೆ ಬರೆದು ತೋರಿಸುತ್ತದೆ, ಅದನ್ನು ನೋಡಿ ದಾನಿ ಇನ್ನೂ ಕಡಿಮೆ ನಿರೀಕ್ಷಿಸುತ್ತಾನೆ. ಈ ಚಕ್ರ ಹೊರಗಿನಿಂದ ನಿಲ್ಲುವುದಿಲ್ಲ. ನಿಜವಾದ ವೆಚ್ಚವನ್ನು ಪುರಾವೆಯ ಸಮೇತ ಬರೆಯುವ ಲೆಕ್ಕಿಗರೇ ನಿಲ್ಲಿಸಬೇಕು.

ಕಿರಿಯಳು: ಪುರಾವೆ ಎಂದಿರಿ. ಹಳ್ಳಿಯಲ್ಲಿ ರಸೀದಿ ಎಲ್ಲಿ ಸಿಗುತ್ತದೆ?

ಹಿರಿಯರು: ಬಹಳ ಕಡೆ ಸಿಗುವುದಿಲ್ಲ. ಮಲಾವಿಯಲ್ಲಿ ಕಬಾಜ ಎಂದರೆ ಬಾಡಿಗೆ ಸೈಕಲ್ಲು. ಹಿಂದಿನ ಸೀಟಿನ ಮೇಲೆ ಕೂರಿಸಿಕೊಂಡು ಮಣ್ಣಿನ ದಾರಿಯಲ್ಲಿ ತುಳಿದುಕೊಂಡು ಹೋಗುವ ಹುಡುಗ ರಸೀದಿ ಪುಸ್ತಕ ಇಟ್ಟುಕೊಂಡಿರುವುದಿಲ್ಲ. ಅಲ್ಲಿ ಸ್ವಘೋಷಣೆಯ ಚೀಟಿ ಒಪ್ಪಿಕೊಳ್ಳಬೇಕು: ಎಲ್ಲಿಂದ ಎಲ್ಲಿಗೆ, ಎಷ್ಟು, ಯಾಕೆ, ಮೇಲಿನವರ ಸಹಿ. ಮೊತ್ತಕ್ಕೆ ಮಿತಿ ಇರಬೇಕು. ಆ ದಾರಿಯ ಬಾಡಿಗೆ ಎಷ್ಟೆಂದು ನಿನಗೂ ಗೊತ್ತಿರಬೇಕು. ಅದಕ್ಕೇ ನೀನು ಒಮ್ಮೆ ಆ ಸೈಕಲ್ಲಿನ ಮೇಲೆ ಕೂತು ಹೋಗಬೇಕು.

ಕಿರಿಯಳು: ಮೋಸ ಎಲ್ಲಿ ಕಾಣಿಸಿಕೊಳ್ಳುತ್ತದೆ?

ಹಿರಿಯರು: ಹಾಜರಿ ಪಟ್ಟಿಯಲ್ಲಿ. ಒಂದು ದೇಶದ ಕ್ಷೇತ್ರ ಕಚೇರಿಯಲ್ಲಿ ನಾನು ನೋಡಿದ ಕಡತ ಹೇಳುತ್ತೇನೆ. ಎರಡು ದಿನದ ತರಬೇತಿ, ಬಂದವರಿಗೆಲ್ಲ ದಿನಭತ್ಯೆ. ಪಟ್ಟಿಯಲ್ಲಿ ಹೆಸರು, ಊರು, ಫೋನು, ಸಹಿ ಎಲ್ಲ ಇದ್ದವು. ಮೊದಲ ಪುಟದ ಸಹಿಗಳಲ್ಲಿ ಕೆಲವು ನಡುಗಿದ್ದವು, ಕೆಲವು ದೊಡ್ಡ ಅಕ್ಷರ, ಒಬ್ಬರ ಹೆಬ್ಬೆಟ್ಟು ಮಸಿ ಹರಡಿ ಪಕ್ಕದ ಸಾಲಿಗೂ ಹಾದಿತ್ತು. ಎರಡನೆಯ ಪುಟ ಶುಭ್ರವಾಗಿತ್ತು. ಎಲ್ಲ ಸಹಿಗಳೂ ಒಂದೇ ಓರೆ, ಒಂದೇ ಪೆನ್ನು, ಗೆರೆ ದಾಟದ ಅಕ್ಷರ. ಫೋನ್ ನಂಬರುಗಳಲ್ಲಿ ಕೊನೆಯ ಎರಡು ಅಂಕಿ ಮಾತ್ರ ಬೇರೆ. ನಂಬರುಗಳಿಗೆ ಕರೆ ಮಾಡಿಸಿದೆವು. ಎರಡನೆಯ ಪುಟದವರು ಯಾರೂ ಇರಲಿಲ್ಲ.

ಕಿರಿಯಳು: ಆಮೇಲೆ?

ಹಿರಿಯರು: ದಾನಿಗೆ ನಾವೇ ಬರೆದು ತಿಳಿಸಿದೆವು, ಹಣ ಹಿಂದಿರುಗಿಸಿದೆವು, ಪದ್ಧತಿ ಬದಲಿಸಿದೆವು. ಪಟ್ಟಿ ಮಾಡುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು, ನಂತರ ಕರೆ ಮಾಡಿ ಪರೀಕ್ಷಿಸುವವರು ಮೂರನೆಯವರು. ಈಗ ಮಲಾವಿಯಲ್ಲಿ ಏರ್‌ಟೆಲ್ ಮನಿ, ಟಿಎನ್‌ಎಂನ ಎಂಪಾಂಬ ಇವೆ. ಭತ್ಯೆಯನ್ನು ನೇರ ಫೋನಿಗೇ ಹಾಕಬಹುದು, ನಗದಿನ ಚೀಲ ಹೊತ್ತು ಹೋಗಬೇಕಿಲ್ಲ. ಆದರೆ ಫೋನಿಲ್ಲದ ಮುದುಕಿಯನ್ನು ಅದು ಹೊರಗಿಡದಂತೆ ನೋಡಿಕೊಳ್ಳಬೇಕು. ಮೋಸ ಹಿಡಿದಾಗ ಮುಚ್ಚಿಡಬೇಡ. ಮುಚ್ಚಿಟ್ಟ ಸಂಸ್ಥೆಯ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

ಕಿರಿಯಳು: ಮಲಾವಿಯ ಹಣ ಕ್ವಾಚದ ಬಗ್ಗೆ ಹೆದರಿಕೆ ಇದೆ. ದಾನಿಗಳು ಡಾಲರಿನಲ್ಲಿ ಪೌಂಡಿನಲ್ಲಿ ಕೊಡುತ್ತಾರೆ, ಖರ್ಚು ಕ್ವಾಚದಲ್ಲಿ.

ಹಿರಿಯರು: ಹೆದರಲೇಬೇಕು. 2023ರ ನವೆಂಬರಿನಲ್ಲಿ ಮಲಾವಿಯ ಕೇಂದ್ರ ಬ್ಯಾಂಕು ಡಾಲರಿನ ದರವನ್ನು ಸುಮಾರು 1,180 ಕ್ವಾಚದಿಂದ 1,700ಕ್ಕೆ ಒಂದೇ ಏಟಿಗೆ ಏರಿಸಿತು. ಒಂದು ಸಂಸ್ಥೆ ಹಿಂದಿನ ದಿನ 50,000 ಡಾಲರನ್ನು ಬದಲಿಸಿ ಇಟ್ಟಿತ್ತು ಎಂದುಕೋ. ಖಾತೆಯಲ್ಲಿ 5 ಕೋಟಿ 90 ಲಕ್ಷ ಕ್ವಾಚ. ಮರುದಿನ ಅದೇ ಮೊತ್ತದ ಬೆಲೆ ಸುಮಾರು 34,700 ಡಾಲರು. ಒಂದು ಕಾಸೂ ಖರ್ಚಾಗಿಲ್ಲ, ಸುಮಾರು 15,300 ಡಾಲರು ಹೋಯಿತು. ಆದ್ದರಿಂದ ಬೇಕಾದಷ್ಟನ್ನೇ ತಿಂಗಳು ತಿಂಗಳು ಬದಲಿಸಬೇಕು.

ಕಿರಿಯಳು: ಡಾಲರಿನಲ್ಲೇ ಇಟ್ಟವರಿಗೆ ಲಾಭವಲ್ಲವೇ? ಅದೇ ಡಾಲರಿಗೆ ಹೆಚ್ಚು ಕ್ವಾಚ.

ಹಿರಿಯರು: ಕಾಗದದ ಮೇಲೆ. ಮಲಾವಿಯಲ್ಲಿ ಪೆಟ್ರೋಲು ಆಮದು, ಅಂಗಡಿಯ ಬಹಳಷ್ಟು ಸಾಮಾನು ಆಮದು. ಬೆಲೆ ಹಿಂದೆಯೇ ಏರುತ್ತದೆ. ಸಿಬ್ಬಂದಿಯ ಸಂಬಳ ಮಾತ್ರ ಹಳೆಯ ಕ್ವಾಚದಲ್ಲೇ ನಿಂತಿರುತ್ತದೆ, ಅವರ ಮನೆಯ ಮೆಕ್ಕೆಜೋಳದ ಹಿಟ್ಟಿನ ಬೆಲೆ ನಿಲ್ಲುವುದಿಲ್ಲ. ಆಮೇಲೆ ಇನ್ನೊಂದು ಕಷ್ಟ ಬಂತು. ಅಧಿಕೃತ ದರ 1,700ರ ಸುತ್ತ ಕಟ್ಟಿಹಾಕಿದಂತೆ ನಿಂತಿತು, ಹೊರಗಿನ ಮಾರುಕಟ್ಟೆಯಲ್ಲಿ ಡಾಲರಿನ ಬೆಲೆ ಅದರ ದುಪ್ಪಟ್ಟನ್ನೂ ದಾಟಿತು. ವ್ಯಾಪಾರಿ ಹೊರಗಿನ ದರದಲ್ಲಿ ಡಾಲರು ಕೊಂಡು ತಂದ ಪಂಪಿಗೆ ಆ ದರದಲ್ಲೇ ಬೆಲೆ ಹೇಳುತ್ತಾನೆ. ನೀನು ಮಾತ್ರ ಬ್ಯಾಂಕಿನ ದರದಲ್ಲೇ ಬದಲಿಸಬೇಕು, ಬೇರೆ ದಾರಿ ಕಾನೂನುಬಾಹಿರ. ದಾನಿಯ ಡಾಲರು ನೆಲ ಮುಟ್ಟುವಷ್ಟರಲ್ಲಿ ಅರ್ಧ ಶಕ್ತಿ ಕಳೆದುಕೊಂಡಿರುತ್ತದೆ. ಇದನ್ನು ವರದಿಯಲ್ಲಿ ಅಂಕಿಯ ಸಮೇತ ಬರೆ. ಗುರಿ ತಲುಪದ್ದಕ್ಕೆ ಕಾರ್ಯಕರ್ತರ ಸೋಮಾರಿತನ ಕಾರಣ ಎಂದು ದೂರದಲ್ಲಿ ಕೂತವರು ಭಾವಿಸಬಾರದು.

ಕಿರಿಯಳು: ಈಗ ನನಗೆ ನಿಜವಾಗಿ ಕಾಡುತ್ತಿರುವ ಪ್ರಶ್ನೆ. ನೀವು ಹೇಳಿದ ಹಾಗೆ ಮರಳಿ ಭೇಟಿ, ಗುಂಡಿ ಬರಿದು ಮಾಡುವ ವ್ಯವಸ್ಥೆ, ಕೌನ್ಸಿಲ್ಲಿನ ಸಿಬ್ಬಂದಿಗೆ ತರಬೇತಿ, ನಿಜವಾದ ಆಡಳಿತ ವೆಚ್ಚ ಎಲ್ಲ ಸೇರಿಸಿದರೆ, ನೂರು ಹಳ್ಳಿ ಮುಟ್ಟುವ ದುಡ್ಡಿನಲ್ಲಿ ಅರವತ್ತು ಮುಟ್ಟಬಹುದು. ಆ ನಲವತ್ತು ಹಳ್ಳಿಯವರಿಗೆ ಏನು ಹೇಳಲಿ? ಮಲಾವಿಯಲ್ಲಿ 2022ರ ಮಾರ್ಚಿನಲ್ಲಿ ಕಾಲರಾ ಶುರುವಾಗಿ ಮರುವರ್ಷದವರೆಗೂ ನಡೆದು 1,700ಕ್ಕೂ ಹೆಚ್ಚು ಜನ ಸತ್ತರು. ಆ ದೇಶದ ಇತಿಹಾಸದಲ್ಲೇ ದೊಡ್ಡ ಪಿಡುಗು. ನಡುವೆ ಫ್ರೆಡ್ಡಿ ಚಂಡಮಾರುತ ಬೇರೆ. ಅಂಥ ಕಡೆ ಐದನೆಯ ವರ್ಷದ ಗುಂಡಿಯ ಬಗ್ಗೆ ಯೋಚಿಸುತ್ತ ಈ ವರ್ಷದ ಮಗುವನ್ನು ಬಿಡುವುದೇ?

ಹಿರಿಯರು: ಕಾಲರಾ ಬಂದಾಗ ಬಿಡಬಾರದು. ಆಗ ಕ್ಲೋರಿನ್ನು, ಸೋಪು, ತುರ್ತು ಪಾಯಿಖಾನೆ, ಅದಕ್ಕೆ ತುರ್ತು ನಿಧಿ. ಆ ಹಣ ಪ್ರವಾಹದ ಹಾಗೆ ಬರುತ್ತದೆ, ಕೆಲವೇ ತಿಂಗಳಲ್ಲಿ ಖರ್ಚು ಮಾಡಿ ಮುಗಿಸಬೇಕು. ತುರ್ತಿನ ಖರೀದಿಗೆ ಬೇಕಾದ ನಿಯಮಗಳನ್ನು, ಪೂರೈಕೆದಾರರ ಪಟ್ಟಿಯನ್ನು ಪಿಡುಗು ಬರುವ ಮೊದಲೇ ಸಿದ್ಧ ಮಾಡಿಟ್ಟಿರಬೇಕು. ಅದು ಹಣಕಾಸಿನವರು ಜೀವ ಉಳಿಸುವ ರೀತಿ. ಆದರೆ ನಿನ್ನ ನೂರು ಮತ್ತು ಅರವತ್ತರ ಪ್ರಶ್ನೆ ಬೇರೆ. ನೂರು ಹಳ್ಳಿಗೆ ಹೋಗಿ ಒಂದು ಸಲ ಕಟ್ಟಿಸಿ ಬಂದರೆ, ನೂರರಲ್ಲಿ ಎಷ್ಟು ಉಳಿಯುತ್ತವೆ ಎಂದು ಯಾರೂ ಎಣಿಸುವುದಿಲ್ಲ. ಜಾರಿದ ಹಳ್ಳಿಗೆ ಎರಡನೆಯ ಸಲ ಹೋದಾಗ ಜನ ಹೇಳುವುದು ಇದನ್ನೇ: ಕಳೆದ ಸಲವೂ ನಿಮ್ಮಂಥವರು ಬಂದಿದ್ದರು. ಅಲ್ಲಿ ಎರಡನೆಯ ಸಲ ಒಪ್ಪಿಸುವುದು ಮೊದಲಿಗಿಂತ ಕಷ್ಟ, ಖರ್ಚೂ ಹೆಚ್ಚು. ಮುಂದಿನ ಕಾಲರಾ ಕಾಲಿಡುವುದು ಅಂಥ ಕಡೆಯೇ.

ಕಿರಿಯಳು: ಇದು ನಲವತ್ತು ಹಳ್ಳಿಯವರಿಗೆ ಉತ್ತರವಾಗಲಿಲ್ಲ.

ಹಿರಿಯರು: ಅವರಿಗೆ ಉತ್ತರ ಒಂದು ಸಂಸ್ಥೆಯ ಬಳಿ ಇಲ್ಲ, ಅವರ ಸರ್ಕಾರದ ಬಳಿ ಇದೆ. ವಿಶ್ವಬ್ಯಾಂಕಿನ 2016ರ ಅಂದಾಜಿನ ಪ್ರಕಾರ ಎಲ್ಲರಿಗೂ ಸುರಕ್ಷಿತ ನೀರು, ನೈರ್ಮಲ್ಯ, ಶುಚಿತ್ವ ಒದಗಿಸಲು 140 ದೇಶಗಳಲ್ಲಿ ಕಟ್ಟುವ ಬಂಡವಾಳಕ್ಕೇ ವರ್ಷಕ್ಕೆ 11,400 ಕೋಟಿ ಡಾಲರು ಬೇಕು. ಯಾವ ಸಂಸ್ಥೆಯ ನಿಧಿಯೂ ಅದರ ಹತ್ತಿರಕ್ಕೆ ಬರುವುದಿಲ್ಲ. ನಾವು ಮಾಡಬಹುದಾದದ್ದು, ಅರವತ್ತು ಹಳ್ಳಿಯಲ್ಲಿ ಕೆಲಸ ಉಳಿಯುವಂತೆ ಮಾಡಲು ತಲೆಗೆ ಇಷ್ಟು ಖರ್ಚಾಗುತ್ತದೆ ಎಂದು ನಿಖರವಾಗಿ ತೋರಿಸುವುದು. ಆ ಲೆಕ್ಕ ಕೈಯಲ್ಲಿದ್ದರೆ ಕೌನ್ಸಿಲ್ಲು ತನ್ನ ಸರ್ಕಾರವನ್ನು ಕೇಳಬಹುದು. ನೂರು ಹಳ್ಳಿಗೆ ಅಗ್ಗವಾಗಿ ಮಾಡಿದ್ದೇವೆ ಎಂದು ನಾವು ಬರೆದುಕೊಟ್ಟರೆ, ಇಷ್ಟು ಸಾಕಲ್ಲ ಎಂದು ಸರ್ಕಾರವೂ ಅಷ್ಟೇ ಎತ್ತಿಡುತ್ತದೆ. ನಮ್ಮ ಸುಳ್ಳು ಅಗ್ಗದ ಲೆಕ್ಕ ನಲವತ್ತಕ್ಕೂ ಅನ್ಯಾಯ, ಅರವತ್ತಕ್ಕೂ ಅನ್ಯಾಯ.

ಕಿರಿಯಳು: ಆದರೆ ಆ ಅರವತ್ತೂ ದಾನಿಯ ಮರ್ಜಿಯ ಮೇಲೆ ನಿಂತಿವೆ. ಬ್ರಿಟನ್ನು 2021ರಲ್ಲಿ ರಾಷ್ಟ್ರೀಯ ಆದಾಯದ ಶೇ 0.7ರ ನೆರವನ್ನು 0.5ಕ್ಕೆ ಇಳಿಸಿತು, 2027ಕ್ಕೆ 0.3 ಎಂದಿದೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನೇ ತಡೆಹಿಡಿಯಿತು. ಮಾಲಿಯಲ್ಲಿ ನೀರಿನ ಗೋಪುರಗಳು, ನೇಪಾಳದಲ್ಲಿ ಕುಡಿಯುವ ನೀರಿನ ಕಾಮಗಾರಿಗಳು ಅರ್ಧಕ್ಕೆ ನಿಂತವು.

ಹಿರಿಯರು: ಖರ್ಚು ಮಾಡಿ ಆಮೇಲೆ ಬಿಲ್ಲು ಕಳಿಸುವ ಒಪ್ಪಂದದಲ್ಲಿದ್ದವರು ತಾವು ಆಗಲೇ ಮಾಡಿದ್ದ ಕೆಲಸದ ಹಣಕ್ಕೂ ಕಾದು ಕೂತರು. ಆಗ ಯಾರಿಗೆ ಮೀಸಲು ನಿಧಿ ಇತ್ತೋ ಅವರು ಸಿಬ್ಬಂದಿಗೆ ಕಾನೂನಿನಂತೆ ಕೊಡಬೇಕಾದ್ದನ್ನು ಕೊಟ್ಟು, ತೋಡಿದ ಗುಂಡಿಗಳನ್ನು ಮುಚ್ಚಿ, ಮರ್ಯಾದೆಯಿಂದ ಹೊರಬಂದರು. ಇಲ್ಲದವರು ತೆರೆದ ಗುಂಡಿಗಳನ್ನು ಹಾಗೇ ಬಿಟ್ಟು ಬಂದರು. ಎಲ್ಲಕ್ಕಿಂತ ಕಷ್ಟ ಪಟ್ಟದ್ದು ಸ್ಥಳೀಯ ಸಣ್ಣ ಪಾಲುದಾರ ಸಂಸ್ಥೆಗಳು. ದೊಡ್ಡ ಸಂಸ್ಥೆಗಳು ಪರೋಕ್ಷ ವೆಚ್ಚದ ಶೇಕಡಾವಾರನ್ನು ತಾವೇ ಇಟ್ಟುಕೊಂಡು, ಅನರ್ಹ ಖರ್ಚಿನ ಹೊಣೆಯನ್ನು ಮಾತ್ರ ಅವರ ತಲೆಗೆ ಕಟ್ಟುವುದುಂಟು. ನಿನ್ನ ಕಚೇರಿಯ ಪಾಲುದಾರರ ಒಪ್ಪಂದಗಳನ್ನು ಓದಿ ನೋಡು. ದಾನಿ ನಿನಗೆ ಕೊಟ್ಟ ಅದೇ ದರವನ್ನು ಅವರಿಗೂ ಕೊಡು. ಮುಂಗಡ ತಡಮಾಡಬೇಡ, ನಿನ್ನ ಒಂದು ತಿಂಗಳ ತಡ ಅಲ್ಲಿ ಒಬ್ಬ ಕಾರ್ಯಕರ್ತೆಯ ಮನೆಯ ಒಂದು ತಿಂಗಳ ಊಟ.

ಕಿರಿಯಳು: ಹಾಗಾದರೆ ನಾನು ಮಾಡುವುದು ಇದು. ನಮ್ಮ ಬಜೆಟ್ ನಮೂನೆಗೆ ಒಂದು ಕಾಲಂ ಹೆಚ್ಚಿಗೆ ಸೇರಿಸುತ್ತೇನೆ: ಯೋಜನೆ ಮುಗಿದ ಮೇಲೆ ಈ ಖರ್ಚು ಯಾರದು? ಮನೆಯವರದೋ, ಕೌನ್ಸಿಲ್ಲಿನದೋ, ನಮ್ಮದೋ. ಪ್ರತಿ ಸಾಲಿಗೂ ಒಂದು ಹೆಸರು ಇರಬೇಕು, ಆ ಹೆಸರಿನವರು ಒಪ್ಪಿದ್ದಕ್ಕೆ ಕಾಗದ ಇರಬೇಕು. ಖಾಲಿ ಬಿಟ್ಟ ಬಜೆಟ್ಟಿಗೆ ನಾನು ಸಹಿ ಹಾಕುವುದಿಲ್ಲ.

ಹಿರಿಯರು: ಕಾರ್ಯಕ್ರಮದವರು ಮುನಿಸಿಕೊಳ್ಳುತ್ತಾರೆ. ದಾನಿಯೂ ಆ ಕಾಲಂ ತೆಗೆಯಿರಿ ಎನ್ನಬಹುದು.

ಕಿರಿಯಳು: ಕಾರ್ಯಕ್ರಮದವರ ಜೊತೆ ಕೂತೇ ತುಂಬುತ್ತೇನೆ, ಹಳ್ಳಿ ಗೊತ್ತಿರುವುದು ಅವರಿಗೆ. ದಾನಿ ದುಡ್ಡು ಹೆಚ್ಚಿಸದಿದ್ದರೆ ಹಳ್ಳಿಗಳ ಸಂಖ್ಯೆ ಇಳಿಸಿ, ಯಾಕೆ ಇಳಿಸಿದೆವು ಎಂದು ಅದೇ ಹಾಳೆಯಲ್ಲಿ ಬರೆದು ಕಳಿಸುತ್ತೇನೆ. ಆ ಹಾಳೆಯ ಒಂದು ಪ್ರತಿ ಜಿಲ್ಲಾ ಕೌನ್ಸಿಲ್ಲಿಗೂ ಹೋಗುತ್ತದೆ. ತಮ್ಮ ಊರಿನ ಪಾಯಿಖಾನೆಯ ನಿಜವಾದ ಬೆಲೆ ಎಷ್ಟೆಂದು ಲಂಡನ್ನಿನವರಿಗೆ ಗೊತ್ತಾಗುವ ದಿನವೇ ಅಲ್ಲಿನವರಿಗೂ ಗೊತ್ತಾಗಬೇಕು.